ನೂರ ಅರವತ್ತನಾಲ್ಕನೆಯ ಪುಟ

ನಾಲ್ಕೂಕಾಲಿಗೆ ಅಲಾರಂ ಬಾಯಿ ತೆರೆಯುವ ಮೊದಲೇ ಅದರ ನೆತ್ತಿ ಒತ್ತಿ ಸುಮ್ಮನಾಗಿಸುವುದು. ಅದು ಗಂಡನನ್ನು ಎಬ್ಬಿಸಕೂಡದು. ಕತ್ತಲಲ್ಲೇ ತಡವರಿಸಿಕೊಂಡು ಹೋಗಿ ಹಿತ್ತಿಲ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸುವುದು. ನಲ್ಲಿ ಮೊದಲು ಕೆಮ್ಮುತ್ತದೆ, ಆಮೇಲೆ ಸಿಳ್ಳು ಹಾಕುತ್ತದೆ, ಆಮೇಲೆ ತುಕ್ಕು ಬಣ್ಣದ ನೀರು ಉಗಿಯುತ್ತದೆ. ಅದನ್ನು ಚೆಲ್ಲಿ ತಿಳಿನೀರು ಹಿಡಿಯುವುದು. ಎರಡು ಡ್ರಮ್ಮು, ಒಂದು ಹಂಡೆ, ನಾಲ್ಕು ಕೊಡ. ಗೇಟಿಗೆ ನೇತುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ಟು ತಂದು ಕಾಯಿಸುವುದು. ಫಿಲ್ಟರಿಗೆ ಪುಡಿ, ಕುಕ್ಕರಿಗೆ ಬೇಳೆ, ಬಾಗಿಲಿಗೆ ನೀರು, ನೀರಿನ ಮೇಲೆ ರಂಗೋಲಿ. ಮಗಳ ಡಬ್ಬಿ, ಗಂಡನ ಡಬ್ಬಿ. ಮಗಳ ಎರಡು ಜಡೆ, ಗಂಡನ ಒಂದು ಅಂಗಿ. ಜಡೆಗೆ ರಿಬ್ಬನ್ನು, ಅಂಗಿಗೆ ಇಸ್ತ್ರಿ. ಇಷ್ಟೂ ಬಂಗಾಳ ಕೊಲ್ಲಿಯಿಂದ ಸೂರ್ಯ ತಲೆ ಎತ್ತುವ ಮೊದಲಿನ ಪಟ್ಟಿ. ಅವನು ಎದ್ದ ಮೇಲಿನದು ಬೇರೆ.

ಪಟ್ಟಿಯ ಒಡತಿ ರೇಣುಕಾ, ನಂಜನಗೂಡಿನವಳು. ಗಂಡ ಶ್ರೀಕಂಠ ಬ್ಯಾಂಕ್ ಅಧಿಕಾರಿ. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು ಮೂರು ವರ್ಷ. ಅಷ್ಟರಲ್ಲಿ ಮಗಳು ಮೃಣಾಲಿನಿ ಕನಸಿನಲ್ಲೂ ತೆಲುಗು ಬಡಬಡಿಸುವಂತಾಗಿದ್ದಳು. ದ್ವಾರಕಾ ನಗರದ ಒಂದು ಮನೆಯ ಹಿಂದಿನ ಭಾಗದಲ್ಲಿ ಇವರ ಬಾಡಿಗೆ ಬಿಡಾರ. ಮುಂದಿನ ಭಾಗದಲ್ಲಿ ಮನೆಯ ಒಡತಿ ಹೈಮಾವತಿ ಇದ್ದಳು. ಬೀದಿಗೆ ಬಾಗಿಲಿದ್ದ ಕೋಣೆಯಲ್ಲಿ ಅವಳು ಬಾಡಿಗೆ ಪುಸ್ತಕಗಳ ಲೈಬ್ರರಿ ನಡೆಸುತ್ತಿದ್ದಳು.

ಪಟ್ಟಿಯಲ್ಲಿ ಬರೆಯದ ಕೆಲಸವೊಂದು ರೇಣುಕಾಗೆ ಇತ್ತು. ಡ್ರಮ್ಮು ತುಂಬುವಷ್ಟು ಹೊತ್ತು, ಹಿತ್ತಿಲ ಬಾಗಿಲ ಮೇಲಿನ ಹಳದಿ ಬಲ್ಬಿನ ಕೆಳಗೆ, ಮಣೆಯ ಮೇಲೆ ಕೂತು ಪತ್ತೇದಾರಿ ಕಾದಂಬರಿ ಓದುವುದು. ಕನ್ನಡದ ಅಕ್ಷರಗಳೇ ಬೈತಲೆ ಬದಲಿಸಿಕೊಂಡು ನಿಂತಂತೆ ಕಾಣುವ ತೆಲುಗನ್ನು ಬಸ್ಸಿನ ಬೋರ್ಡುಗಳಿಂದ ಶುರುಮಾಡಿ ಒಂದೇ ವರ್ಷದಲ್ಲಿ ಕೊಲೆಗಳವರೆಗೆ ಕಲಿತುಬಿಟ್ಟಿದ್ದಳು.

ಎಂಬತ್ತೆಂಟರ ಯುಗಾದಿಯ ದಿನ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಅವಳು ಘೋಷಿಸಿದಳು: "ಈ ವರ್ಷ ಮುಗಿಯೋದ್ರೊಳಗೆ, ಹೆಂಗಸೇ ಕೊಲೆಗಾರನನ್ನ ಹಿಡಿಯೋ ಒಂದು ಕಾದಂಬರಿ ಹುಡುಕಿಯೇ ತೀರ್ತೀನಿ ಕಣ್ರೀ."

"ಮೊದಲು ನನ್ನ ಕನ್ನಡಕ ಹುಡುಕಿಕೊಡು," ಎಂದ ಶ್ರೀಕಂಠ.

"ನಿಮ್ಮ ತಲೆ ಮೇಲಿದೆ."

ಪತ್ತೇದಾರಿಕೆಗೆ ಬೇಕಾದ ಕಣ್ಣು ತನಗುಂಟು ಎಂಬುದಕ್ಕೆ ಅವಳಿಗೆ ಇನ್ನೇನು ಸಾಕ್ಷಿ ಬೇಕು? ಆದರೆ ಪುಸ್ತಕ ಸಿಗಬೇಕಲ್ಲ. ಅದುವರೆಗೆ ಓದಿದ್ದ ಅರವತ್ತೊಂದು ಕಾದಂಬರಿಗಳಲ್ಲಿ ನಲವತ್ತು ಹೆಂಗಸರು ಮೊದಲ ಪುಟದಲ್ಲೇ ಹೆಣವಾಗಿದ್ದರು. ಹದಿನೈದು ಮಂದಿ ಕಿರುಚಿ ಮೂರ್ಛೆ ಹೋಗಿದ್ದರು. ಉಳಿದವರು ಇನ್‌ಸ್ಪೆಕ್ಟರಿಗೆ ಕಾಫಿ ತಂದುಕೊಟ್ಟಿದ್ದರು.

"ಇದರಲ್ಲಿ ಲೇಡಿ ಸಿಐಡಿ ಇದ್ದಾಳೆ ನೋಡಿ ರೇಣುಕಾಗಾರು," ಎಂದು ಹೈಮಾವತಿ ಒಂದನ್ನು ಮುಂದೆ ತಳ್ಳಿದಳು.

"ಓದಿದ್ದೀನಿ. ನೂರಾ ಹತ್ತನೇ ಪುಟದಲ್ಲಿ ರಾಜೀನಾಮೆ ಕೊಟ್ಟು ಮದುವೆಯಾಗ್ತಾಳೆ."

"ಪಾಪ, ಅದೂ ಒಂದು ತರಹ ಸಾಹಸವೇ." ಹೈಮಾವತಿ ಸ್ಟೂಲು ಹತ್ತಿ, ಮೇಲಿನ ಅಟ್ಟಣೆಯಿಂದ ಮುಖಪುಟವೇ ಇಲ್ಲದ, ಕಂದು ಕಾಗದ ಅಂಟಿಸಿದ ಒಂದನ್ನು ಇಳಿಸಿ ಧೂಳು ಊದಿದಳು. "ವಿಜಯವಾಡದಲ್ಲಿ ಒಂದು ಲೈಬ್ರರಿ ಮುಚ್ಚಿದಾಗ ತೂಕಕ್ಕೆ ತಂದ ಸರಕು. ಯಾರು ಬರೆದರೋ ಏನೋ. ನಾನು ಓದಿಲ್ಲ. ಇದರ ಮೇಲೆ ಕೈಯಿಟ್ಟರೆ ಯಾಕೋ ತಣ್ಣಗೆ ಅನಿಸುತ್ತೆ."

ಕಥಾನಾಯಕಿ ಗೋದಾವರಿಯ ಒಂದು ಕಡವಿನಲ್ಲಿ ದೋಣಿಯ ಟಿಕೇಟು ಹರಿಯುವ ದುರ್ಗಾಂಬ ಎಂಬ ನಡುವಯಸ್ಸಿನವಳು. ಒಂದು ಸಂಜೆ ಆಚೆ ದಡಕ್ಕೆ ಹೋದವರು ಏಳು ಮಂದಿ, ದೋಣಿಯಿಂದ ಇಳಿದವರು ಆರು. ದೋಣಿಯವನು ಆರೇ ಅನ್ನುತ್ತಾನೆ, ಪ್ರಯಾಣಿಕರೂ ಆರೇ ಅನ್ನುತ್ತಾರೆ. ದುರ್ಗಾಂಬಳ ಕೈಯಲ್ಲಿ ಮಾತ್ರ ಏಳು ಟಿಕೇಟಿನ ತುಂಡುಗಳು. ರೇಣುಕಾಗೆ ಮೈ ಜುಮ್ಮೆಂದಿತು. ಇವಳೇ, ನಾನು ಹುಡುಕುತ್ತಿದ್ದವಳು.

ಬಾಡಿಗೆ ಪುಸ್ತಕ ಓದುವ ಹೆಂಗಸರಿಗೆ ಒಂದು ಅಭ್ಯಾಸವುಂಟು. ಒಮ್ಮೆ ಓದಿದ್ದನ್ನೇ ಮರೆತು ಮತ್ತೆ ತರಬಾರದೆಂದು ತಮ್ಮದೇ ಒಂದು ಗುರುತನ್ನು ಯಾವುದೋ ಪುಟದಲ್ಲಿ ಹಾಕಿರುತ್ತಾರೆ. ಒಬ್ಬಳದು ಚುಕ್ಕೆ, ಇನ್ನೊಬ್ಬಳದು ಮೂಲೆ ಮಡಿಕೆ. ಈ ಪುಸ್ತಕದಲ್ಲಿ ಇದ್ದದ್ದು ಅರಿಸಿನದ ಹೆಬ್ಬೆಟ್ಟು. ಅದೂ ಒಂದು ಕಡೆಯಲ್ಲ, ಅಲ್ಲಲ್ಲಿ. ಹದಿನಾಲ್ಕನೆಯ ಪುಟದ ಅಂಚಿನಲ್ಲಿ ಹೆಬ್ಬೆಟ್ಟಿನ ಪಕ್ಕ ಪೆನ್ಸಿಲಿನಲ್ಲಿ, ಸಣ್ಣ ತೆಲುಗು ಅಕ್ಷರದಲ್ಲಿ ಹೀಗಿತ್ತು: "ಡ್ರಮ್ಮು ನೋಡು."

ರೇಣುಕಾ ತಲೆ ಎತ್ತಿದಳು. ಎರಡನೆಯ ಡ್ರಮ್ಮು ಕಂಠದವರೆಗೆ ತುಂಬಿ, ಇನ್ನೊಂದು ಹನಿಗೆ ಕಾಯುತ್ತಾ ನಡುಗುತ್ತಿತ್ತು.

ಕಾಕತಾಳೀಯ ಎಂದುಕೊಂಡು ಪೈಪು ಬದಲಿಸಿದಳು. ಮರುದಿನ ಇಪ್ಪತ್ತಮೂರನೆಯ ಪುಟ. ಅರಿಸಿನದ ಹೆಬ್ಬೆಟ್ಟು. "ಹಾಲು." ಅವಳು ಒಳಗೆ ಓಡಿದಾಗ ಹಾಲು ಪಾತ್ರೆಯ ಅಂಚಿಗೆ ಬಂದು ಹೊರಗೆ ಇಣುಕುತ್ತಿತ್ತು. ಮೂರನೆಯ ದಿನ ಮೂವತ್ತೇಳನೆಯ ಪುಟ. "ಎದ್ದ. ಮುಚ್ಚಿಡು." ಮಂಚ ಕಿರುಗುಟ್ಟಿತು. ಶ್ರೀಕಂಠನ ಕೆಮ್ಮು ಕೇಳಿಸಿತು. ಅವಳು ಪುಸ್ತಕವನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟು, ಕೈಗೆ ಸಿಕ್ಕ ಸವುಟನ್ನು ಹಿಡಿದು ನಿಂತಳು.

"ಏನೇ, ಮುಖ ಹಿಂಗ್ ಬೆಳ್ಳಗಾಗಿದೆ?"

"ರಂಗೋಲಿ ಹಿಟ್ಟು."

ನಾಲ್ಕನೆಯ ದಿನ ಸಮುದ್ರದ ಕಡೆಯಿಂದ ಮಂಜು ಬಂದಿತ್ತು. ಬಂದರಿನಲ್ಲಿ ಹಡಗೊಂದು ತಾಯಿ ಕಳೆದುಕೊಂಡ ಕರುವಿನ ಹಾಗೆ ಬಿಟ್ಟು ಬಿಟ್ಟು ಕೂಗುತ್ತಿತ್ತು. ಹಿತ್ತಿಲ ಗೋಡೆ ಕಾಣಿಸುತ್ತಿರಲಿಲ್ಲ. ಈ ಪುಸ್ತಕಕ್ಕೆ ತನ್ನ ಮನೆ ಕಾಣುತ್ತದೆ ಎಂಬ ಯೋಚನೆಯನ್ನು ನೀರಿನ ಸದ್ದಿನಲ್ಲಿ ಮುಳುಗಿಸುತ್ತಾ ರೇಣುಕಾ ಓದಿದಳು. ದುರ್ಗಾಂಬ ಒಬ್ಬಳೇ ದೋಣಿ ಹುಟ್ಟು ಹಾಕಿಕೊಂಡು ಆಚೆ ದಡಕ್ಕೆ ಹೋಗಿದ್ದಾಳೆ. ಜೊಂಡಿನ ನಡುವೆ ಏನೋ ತೇಲುತ್ತಿದೆ. ಬಾಗಿ ಮುಟ್ಟುತ್ತಾಳೆ. ಪುಟ ಐವತ್ತೆರಡು. ಹೆಬ್ಬೆಟ್ಟು. "ಹಿಂದೆ ನೋಡು."

ಪೂರ್ತಿ ಎರಡು ನಿಮಿಷ ರೇಣುಕಾ ಹಿಂದೆ ನೋಡಲಿಲ್ಲ. ಬೆನ್ನಿನ ಹಿಂದೆ ಯಾರೋ ನಾಲಿಗೆಯಿಂದ ಸಣ್ಣಗೆ ಚಪ್ಪರಿಸುತ್ತಿರುವ ಸದ್ದು. ಕತ್ತನ್ನು ಒಂದೊಂದೇ ಅಂಗುಲ ತಿರುಗಿಸಿದಳು. ಅಡಿಗೆಮನೆಯ ಕತ್ತಲಲ್ಲಿ ಎರಡು ಹಸಿರು ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಪುಸ್ತಕ ಕೈಯಿಂದ ಹಾರಿ ಡ್ರಮ್ಮಿಗೆ ಬಿತ್ತು. ಬೀದಿಯ ಬೆಕ್ಕು ಹಾಲಿನ ಪಾತ್ರೆಯಿಂದ ಮೀಸೆ ಎತ್ತಿ, ಇನ್ನೂ ಸ್ವಲ್ಪ ಉಳಿದಿದೆ ಎಂಬಂತೆ ಮತ್ತೆ ಬಗ್ಗಿತು.

ಹೈಮಾವತಿಗೆ ಏನೆಂದು ಹೇಳುವುದು? ಪುಸ್ತಕವನ್ನು ನೀರಿನಿಂದ ಎತ್ತಿ, ಇಸ್ತ್ರಿ ಪೆಟ್ಟಿಗೆ ಕಾಯಿಸಿ, ನೆನೆದ ಪುಟಗಳ ಮೇಲೆ ಒಂದೊಂದಾಗಿ ಎಳೆದಳು. ಹಬೆ ಎದ್ದಿತು, ಪುಟಗಳು ಹಪ್ಪಳದ ಹಾಗೆ ಸೆಟೆದು ನಿಂತವು, ಪುಸ್ತಕ ಉಳಿಯಿತು. ಅದೇ ಬಿಸಿಯಲ್ಲಿ ಗಂಡನ ಬಿಳಿ ಅಂಗಿಯನ್ನೂ ಒಂದು ಕೈ ಎಳೆದು ಮುಗಿಸಿದಳು.

ಸಂಜೆ ಶ್ರೀಕಂಠ ಬಂದವನು ಬೂಟು ಕೂಡ ಬಿಚ್ಚದೆ ಬೆನ್ನು ತಿರುಗಿಸಿ ನಿಂತ.

"ಓದು."

ರೇಣುಕಾ ಓದಿದಳು. ಎರಡು ಭುಜಗಳ ನಡುವೆ ನೀಟಾಗಿ ಒಂದು ತೆಲುಗು ಸಾಲು: "ಶವವು ಇನ್ನೂ ಬೆಚ್ಚಗಿತ್ತು."

"ಬೆಳಿಗ್ಗೆಯಿಂದ ಇಡೀ ಬ್ಯಾಂಕು ಓದಿದೆ. ನನಗೊಬ್ಬನಿಗೇ ಕಾಣಿಸ್ಲಿಲ್ಲ. ಡಿಪಾಸಿಟ್ ಇಡೋಕೆ ಬಂದ ಮುದುಕರು ನನ್ನ ಬೆನ್ನು ನೋಡಿ, ಇನ್ನೊಂದು ದಿನ ಬರ್ತೀವಿ ಅಂತ ಹೊರಟೇಹೋದ್ರು."

"ಅಕ್ಷರ ನೆಟ್ಟಗೆ ಬಂದಿವೆ ನೋಡಿ," ಎಂದಳು ರೇಣುಕಾ. ಅವಳೊಳಗಿನ ಪತ್ತೇದಾರಿಣಿ ಆಗಲೇ ಎಚ್ಚರವಾಗಿದ್ದಳು. "ಪುಟದಿಂದ ಇಸ್ತ್ರಿಗೆ ಹತ್ತುವಾಗ ತಿರುಗುಮುರುಗು. ಇಸ್ತ್ರಿಯಿಂದ ಅಂಗಿಗೆ ಇಳಿಯುವಾಗ ಮತ್ತೆ ನೆಟ್ಟಗೆ."

"ನನ್ನ ಬೆನ್ನ ಮೇಲೆ ಸಂಶೋಧನೆ ಮಾಡ್ಬೇಡ್ವೇ."

"ಹದಿಮೂರು ವರ್ಷದಿಂದ ಇಸ್ತ್ರಿ ಮಾಡ್ತಿದ್ದೀನಿ. ನಿಮ್ಮ ಬೆನ್ನಿನ ಕಡೆ ಯಾರಾದ್ರೂ ತಿರುಗಿ ನೋಡಿದ್ದು ಇವತ್ತೇ ಮೊದಲು."

ಶ್ರೀಕಂಠ ಕೆಟ್ಟವನಲ್ಲ. ಆದರೆ ಪುಸ್ತಕದ ವಿಷಯ ಪೂರ್ತಿ ಕೇಳಿದ ಮೇಲೆ ಅವನಿಗೂ ಒಂದು ಥರ ಆಯಿತು. ಹೊರಗೆ ಕತ್ತಲಾಗುತ್ತಿತ್ತು. "ಮನೇಲಿ ಇಟ್ಕೋಬೇಡ. ಓದಿ ಮುಗಿಸು, ಇಲ್ಲ ಹಾಗೇ ಕೊಟ್ಬಿಡು," ಎಂದ, ದನಿ ತಗ್ಗಿಸಿ, ಪುಸ್ತಕಕ್ಕೆ ಕೇಳಿಸದ ಹಾಗೆ.

ಅವಳು ಓದಿದಳು. ಮುಂದಿನ ಎರಡು ವಾರ, ದಿನಕ್ಕೊಂದು ಡ್ರಮ್ಮಿನಷ್ಟು. ಪೆನ್ಸಿಲು ಹೇಳಿದಾಗಲೆಲ್ಲ ಎದ್ದಳು. ಒಂದು ದಿನವೂ ಹಾಲು ಉಕ್ಕಲಿಲ್ಲ. ಕಂಡಿರದ ಅತ್ತೆಯೊಬ್ಬಳು ಕಿವಿಯ ಪಕ್ಕ ಉಸಿರಾಡುತ್ತಿದ್ದ ಹಾಗಿತ್ತು. ಕಥೆಯಲ್ಲಿ ದುರ್ಗಾಂಬಳಿಗೆ ಏಳನೆಯವನ ಹೆಸರು ಗೊತ್ತಾಯಿತು. ಕೊಂದವನು ಆರು ಮಂದಿಯಲ್ಲೇ ಒಬ್ಬನೆಂದು ಗೊತ್ತಾಯಿತು. ಆ ಆರೂ ಮಂದಿಯನ್ನು ಅವಳು ಅದೇ ದೋಣಿಗೆ ಹತ್ತಿಸಿದಳು, ತಾನೇ ಹುಟ್ಟು ಹಿಡಿದಳು. ಅಲ್ಲಿಗೆ ನೂರ ಅರವತ್ತನಾಲ್ಕನೆಯ ಪುಟ. ಹೆಬ್ಬೆಟ್ಟು ಈ ಸಲ ಅಂಚಿನಲ್ಲಲ್ಲ, ಪುಟದ ನಡುಮಧ್ಯೆ. ಪೆನ್ಸಿಲು ಕಾಗದ ತೂತಾಗುವಷ್ಟು ಒತ್ತಿ ಬರೆದಿತ್ತು:

"ಇವತ್ತು ಏಳುವುದಿಲ್ಲ."

ಆಮೇಲೆ ಹೆಬ್ಬೆಟ್ಟು ಇಲ್ಲ, ಬರವಣಿಗೆ ಇಲ್ಲ. ರೇಣುಕಾ ಉಳಿದ ಹಾಳೆಗಳನ್ನು ಓದದೆ ಬರೀ ತಿರುಗಿಸಿ ನೋಡಿದಳು. ಕೊನೆಗೆ ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿ ಕಂಡಿತು. ತೆಗೆದುಕೊಂಡು ಹೋದವರ ಹೆಸರುಗಳು ಸಾಲಾಗಿದ್ದವು. ಕೊನೆಯ ಹೆಸರು: "ರಾಜ್ಯಲಕ್ಷ್ಮಿ, ಬಾವಿ ಮನೆ, ಸತ್ಯನಾರಾಯಣಪುರಂ, ವಿಜಯವಾಡ." ತಾರೀಖು ನಾಲ್ಕು ವರ್ಷದ ಹಿಂದಿನದು. ಅವಳ ನಂತರ ಯಾರೂ ಇಲ್ಲ.

"ಕೊಂದಿದ್ದಾರೆ ಕಣ್ರೀ," ಎಂದಳು ಗಂಡನಿಗೆ. "ದಿನಾ ಎದ್ದು ಎದ್ದು ಸಾಕಾಗಿ, ಇವತ್ತು ಏಳಲ್ಲ ಅಂದಿದ್ದಾಳೆ. ಏಳದ ಹೆಂಗಸನ್ನ ಯಾವ ಮನೇಲಿ ಸುಮ್ನೆ ಬಿಡ್ತಾರೆ? ಹಿತ್ತಿಲಲ್ಲಿ ಬಾವಿ ಬೇರೆ ಇದೆ."

"ಸತ್ತವಳು ಪುಸ್ತಕ ವಾಪಸ್ ಹ್ಯಾಗೆ ಕೊಟ್ಟಳೇ?"

"ಗಂಡ ಕೊಟ್ಟಿರ್ತಾನೆ. ಸಾಕ್ಷಿ ಮನೇಲಿರಬಾರದು ಅಂತ."

ಅಂದಿನಿಂದ ಅವಳಿಗೆ ನೂರ ಅರವತ್ತೈದನೆಯ ಪುಟ ತೆರೆಯಲು ಕೈ ಬರಲಿಲ್ಲ. ಆ ಹೆಂಗಸು ಬದುಕಿದ್ದಾಳೋ ಇಲ್ಲವೋ ತಿಳಿಯದೆ, ಅವಳು ನಿಂತ ಜಾಗವನ್ನು ದಾಟಿ ಹೋಗುವುದು ಹೆಣ ದಾಟಿದ ಹಾಗೆ ಅನಿಸುತ್ತಿತ್ತು.

ಮೇ ತಿಂಗಳಲ್ಲಿ ಶ್ರೀಕಂಠನಿಗೆ ವಿಜಯವಾಡದಲ್ಲಿ ಬ್ಯಾಂಕಿನ ಮೀಟಿಂಗು ಬಿತ್ತು. "ನಾನೂ ಬರ್ತೀನಿ. ಕನಕದುರ್ಗಮ್ಮನಿಗೆ ಹರಕೆ ಇದೆ," ಎಂದಳು. ಯಾವಾಗ ಹೊತ್ತದ್ದೆಂದು ಅವನು ಕೇಳಲಿಲ್ಲ. ಮನೆಯ ಹರಕೆಗಳೆಲ್ಲ ಅವಳ ಇಲಾಖೆ. ಮಗಳನ್ನು ಹೈಮಾವತಿಯ ಬಳಿ ಬಿಟ್ಟು ರೈಲು ಹತ್ತಿದರು. ರಾಜಮಂಡ್ರಿಯ ಸೇತುವೆಯ ಮೇಲೆ ಬೋಗಿಗಳು ದಡದಡಿಸುವಾಗ ಕೆಳಗೆ ಗೋದಾವರಿಯಲ್ಲಿ ಒಂದು ದೋಣಿ ಹೋಗುತ್ತಿತ್ತು. ರೇಣುಕಾ ಎಣಿಸಿದಳು. ಏಳು ತಲೆ. ಇನ್ನೊಂದು ಕಂಬ ದಾಟಿದ ಮೇಲೆ ಮತ್ತೆ ಎಣಿಸಲು ಧೈರ್ಯವಾಗಲಿಲ್ಲ.

ಮರುದಿನ ಗಂಡ ಮೀಟಿಂಗಿಗೆ ಹೋದ ಮೇಲೆ ಬೆಟ್ಟಕ್ಕೆ ಹೋಗಿ ತಾಯಿಗೆ ಅವಸರದಲ್ಲೊಂದು ಕಾಯಿ ಒಡೆಸಿ, ರಿಕ್ಷಾ ಹಿಡಿದು ಸತ್ಯನಾರಾಯಣಪುರಂಗೆ ಹೋದಳು. ಹನ್ನೊಂದು ಗಂಟೆ. ಬಿಸಿಲು ಬೀದಿಯನ್ನು ಗುಡಿಸಿಹಾಕಿದಂತಿತ್ತು. ನಾಯಿಯೂ ಇಲ್ಲ. ಬಾವಿ ಮನೆ ಯಾವುದೆಂದು ಕೇಳಲು ಜನವೇ ಸಿಗಲಿಲ್ಲ, ಆದರೆ ಬಾವಿಯ ರಾಟೆ ಕಾಂಪೌಂಡಿನ ಮೇಲಿಂದ ತಾನೇ ಕತ್ತು ಚಾಚಿತ್ತು.

ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಹಾಲು ಸೀದ ವಾಸನೆ. ಹೊಸ್ತಿಲು ದಾಟಿ ತೆಳ್ಳಗೆ ನೀರು ಹರಿದು ಬರುತ್ತಿತ್ತು. ಆ ನೀರು ಕೆಂಪಗಿತ್ತು.

ರೇಣುಕಾಳ ಚಪ್ಪಲಿ ಕಾಲಿನಿಂದ ತಾನಾಗಿಯೇ ಕಳಚಿತು. ಹಿತ್ತಿಲಿನಿಂದ ಏನೋ ಕೆರೆಯುವ ಸದ್ದು. ಕೆರ್, ಕೆರ್, ಕೆರ್. ನಿಲ್ಲುತ್ತದೆ. ಗಂಡಸಿನ ನಿಟ್ಟುಸಿರು. ಮತ್ತೆ ಕೆರ್, ಕೆರ್. ಅಗೆಯುತ್ತಿದ್ದಾನೆ ಎಂದುಕೊಂಡಳು. ನಾಲ್ಕು ವರ್ಷದಿಂದ ಅಗೆಯುತ್ತಲೇ ಇದ್ದಾನೆಯೇ? ಹಜಾರದಲ್ಲಿ ನವಾರಿನ ಮಂಚ. ಅದರ ಮೇಲೆ ಒಬ್ಬ ಹೆಂಗಸು ಅಂಗಾತ ಮಲಗಿದ್ದಳು. ತಲೆಯಿಂದ ಎದೆಯವರೆಗೂ ಸೆರಗು ಮುಚ್ಚಿತ್ತು. ಅಲುಗಾಡುತ್ತಿರಲಿಲ್ಲ. ಸೆರಗಿನ ಅಂಚಿನಿಂದ ಕೈಯ ಹೆಬ್ಬೆರಳೊಂದು ಹೊರಗೆ ಕಾಣುತ್ತಿತ್ತು. ಅದರ ತುದಿ ಹಳದಿ.

ಹೊರಗೆ ಹೋಗಿ ಪೊಲೀಸರಿಗೆ ಹೇಳಬೇಕಾಗುತ್ತದೆ. ಹೇಳುವ ಮುಂಚೆ ಖಚಿತ ಮಾಡಿಕೊಳ್ಳಬೇಕು. ರೇಣುಕಾ ಕಣ್ಣು ಮುಚ್ಚಿ ಕೈ ಚಾಚಿ ಅವಳ ಪಾದವನ್ನು ಮುಟ್ಟಿದಳು.

ಶವವು ಇನ್ನೂ ಬೆಚ್ಚಗಿತ್ತು.

"ಒಂದು ನಿಮಿಷ ತಾಳಮ್ಮಾ," ಎಂದಿತು ಶವ, ತೆಲುಗಿನಲ್ಲಿ. "ಇನ್ನು ನಾಲ್ಕೇ ಪುಟ."

ಪ್ರಜ್ಞೆ ಬಂದಾಗ ರೇಣುಕಾ ಅದೇ ಮಂಚದ ಮೇಲಿದ್ದಳು. ಅರವತ್ತರ ಆಸುಪಾಸಿನ ದಪ್ಪನೆಯ ಹೆಂಗಸೊಬ್ಬಳು ಕಾದಂಬರಿಯಿಂದಲೇ ಅವಳಿಗೆ ಗಾಳಿ ಬೀಸುತ್ತಿದ್ದಳು. ಅರವತ್ತೊಂದು ಕಾದಂಬರಿಗಳಲ್ಲಿ ಮೂರ್ಛೆ ಹೋದ ಹೆಂಗಸರನ್ನು ಹಳಿದವಳು ತಾನೇ ಹದಿನಾರನೆಯವಳಾಗಿ ಮಲಗಿದ್ದಳು.

"ಯಾರಮ್ಮಾಯಿ ನೀನು? ನನ್ನ ಕಾಲು ಮುಟ್ಟಿ ದೊಪ್ಪನೆ ಬಿದ್ದುಬಿಟ್ಟೆ. ಅಷ್ಟು ಭಕ್ತಿ ನನಗೆ ನನ್ನ ಸೊಸೆಯೂ ತೋರಿಸಿಲ್ಲ."

ರೇಣುಕಾ ಹರಕು ತೆಲುಗಿನಲ್ಲಿ ಎಲ್ಲವನ್ನೂ ಹೇಳಿದಳು. ರಾಜ್ಯಲಕ್ಷ್ಮಿ ಹೊಟ್ಟೆ ಕುಲುಕಿಸಿಕೊಂಡು ನಕ್ಕಳು. "ಸತ್ತಿದ್ದೀನಿ ಅಂತ ಅಷ್ಟು ದೂರದಿಂದ ಬಂದೆಯಾ? ಬರಿಗೈಯಲ್ಲಿ?"

"ಆ ನೀರು ಕೆಂಪಗೆ..."

"ಡ್ರಮ್ಮು ಉಕ್ಕಿ ಹೊಸ್ತಿಲಿಗೆ ಇಟ್ಟ ಕುಂಕುಮ ತೊಳೆದುಹೋಗಿದೆ."

"ಹಿತ್ತಿಲಲ್ಲಿ ಅಗೆಯೋ ಸದ್ದು..."

"ನಮ್ಮವರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ಹಾಲಿನ ಪಾತ್ರೆ ತಳ ಹಿಡಿದಿದೆ, ತೆಂಗಿನ ನಾರಲ್ಲಿ ಉಜ್ಜುತ್ತಿದ್ದಾರೆ." ಅವಳು ಹಿತ್ತಿಲ ಕಡೆ ಕೂಗಿದಳು: "ಏಮಂಡೀ, ಬೂದಿ ಹಾಕಿಕೊಳ್ಳಿ. ಬರೀ ನಾರಿಗೆ ಹೋಗುವುದಿಲ್ಲ."

ರೇಣುಕಾಳ ಪತ್ತೇದಾರಿಕೆ ಒಂದೊಂದಾಗಿ ಕುಸಿಯುತ್ತಿತ್ತು. "ಆದರೆ ನಮ್ಮ ಮನೆ ಡ್ರಮ್ಮು ನಿಮಗೆ ಹೇಗೆ ಗೊತ್ತಾಯಿತು? ನಮ್ಮ ಹಾಲು? ನಮ್ಮ ಬೆಕ್ಕು?"

"ನಿನ್ನದು ಅಂತ ಯಾವುದಿದೆ ಅಮ್ಮಾಯಿ? ಡ್ರಮ್ಮಿಗೆ ಏಳು ಪುಟ. ಹಾಲಿಗೆ ಎರಡು. ಕುಕ್ಕರಿನ ಮೂರು ಕೂಗಿಗೆ ನಾಲ್ಕು. ಮುನ್ಸಿಪಾಲಿಟಿ ನೀರು ಬಿಡುವ ಹೊತ್ತಿಗೆ ಯಾವ ಊರಲ್ಲಾದರೂ ಯಾವಳು ಮಲಗಿರುತ್ತಾಳೆ? ಹಾಲಿದ್ದ ಮನೆಗೆ ಬೆಕ್ಕು ಬರುತ್ತೆ, ಕಾಫಿ ಹೊತ್ತಿಗೆ ಗಂಡ ಏಳುತ್ತಾನೆ. ಮೊದಲು ಎಲ್ಲ ನಾನೇ ಉಕ್ಕಿಸಿದೆ. ಉಕ್ಕಿದ ಕಡೆ ಬೆರಳೊತ್ತಿ ಬರೆದಿಟ್ಟೆ. ನನ್ನ ನಂತರ ಓದುವವಳಾದರೂ ಬೈಸಿಕೊಳ್ಳದಿರಲಿ ಅಂತ."

ತನ್ನ ಬೆನ್ನ ಹಿಂದೆ ಎರಡು ವಾರ ನಿಂತಿದ್ದ ಭೂತ ಇದು. ರೇಣುಕಾಗೆ ಯಾಕೋ ಈಗ ಮೊದಲಿಗಿಂತ ಹೆಚ್ಚು ಭಯವಾಯಿತು. ವಿಶಾಖಪಟ್ಟಣದಿಂದ ವಿಜಯವಾಡದವರೆಗೆ, ಅಲ್ಲಿಂದ ನಂಜನಗೂಡಿನವರೆಗೆ, ಕತ್ತಲಲ್ಲಿ ಒಂದೇ ಗಳಿಗೆಗೆ ಎದ್ದು ನಲ್ಲಿಯ ಕಡೆ ನಡೆಯುವ ಹೆಂಗಸರ ಸಾಲು ಅವಳ ಕಣ್ಣಿಗೆ ಕಟ್ಟಿತು. ಎಲ್ಲರ ಕೈಯಲ್ಲೂ ಖಾಲಿ ಕೊಡ. ಯಾರಿಗೂ ಮುಖವಿರಲಿಲ್ಲ.

"ಮತ್ತೆ, ಏಳುವುದಿಲ್ಲ ಅಂತ ಬರೆದದ್ದು?"

"ಏಳಲಿಲ್ಲ, ಅಷ್ಟೇ. ಆರೂ ಜನರನ್ನ ದೋಣಿಗೆ ಹತ್ತಿಸಿದ್ದಾಳೆ, ನಡುನೀರಿಗೆ ಬಂದಿದ್ದಾಳೆ. ಅಲ್ಲಿ ಯಾವಳು ಎದ್ದು ಹಾಲು ನೋಡುತ್ತಾಳೆ? ಹಾಸಿಗೆಗೆ ಹೋಗಿ ಮಲಗಿದೆ. ಹಾಲು ಉಕ್ಕಿತು. ಅನ್ನ ಸೀದಿತು. ನೀರು ಹಜಾರಕ್ಕೆ ಬಂತು. ಇವರು ಬಂದು ನನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದರು."

"ಆಮೇಲೆ?"

"ಉಸಿರಿದೆ ಅಂತ ಗೊತ್ತಾದ ಮೇಲೆ ಕಾಫಿ ಕೇಳಿದರು."

"ನೀವು?"

"ಪುಟ ತಿರುಗಿಸಿದೆ. ಸ್ವಲ್ಪ ಹೊತ್ತು ನಿಂತಿದ್ದರು. ಆಮೇಲೆ ಒಲೆ ಹಚ್ಚಿದರು. ಕಷಾಯದ ಹಾಗಿತ್ತು. ಆದರೆ ಎರಡು ಲೋಟ ಮಾಡಿದ್ದರು." ರಾಜ್ಯಲಕ್ಷ್ಮಿ ಕಾದಂಬರಿಯ ಮೂಲೆ ಸವರಿದಳು. "ಆವತ್ತಿನಿಂದ ಪ್ರತಿ ಪುಸ್ತಕದ ಕೊನೆಯ ಇಪ್ಪತ್ತು ಪುಟ ನನ್ನದು. ಒಂದೇ ಉಸಿರಿಗೆ."

ರೇಣುಕಾ ಆಸೆಯಿಂದ ಮುಂದಕ್ಕೆ ಬಾಗಿದಳು. "ದುರ್ಗಾಂಬ ತಾನೇ ಹಿಡೀತಾಳಾ? ಇಲ್ಲ ಅಲ್ಲೂ ಒಬ್ಬ ಇನ್‌ಸ್ಪೆಕ್ಟರು ಬ್ಯಾಟರಿ ಹಿಡ್ಕೊಂಡು ಬರ್ತಾನಾ?"

"ಅದು ನೂರ ಅರವತ್ತೈದರಿಂದ ಮುಂದೆ ಇದೆ," ಎಂದಳು ರಾಜ್ಯಲಕ್ಷ್ಮಿ. "ನಾನು ಹೇಳುವುದಿಲ್ಲ."

ಊರಿಗೆ ಮರಳಿದ ಮರುದಿನ ಬೆಳಗಿನ ನಾಲ್ಕೂಕಾಲು. ಅಲಾರಮಿನ ನೆತ್ತಿ ಒತ್ತಿ ರೇಣುಕಾ ಎದ್ದಳು. ಪೈಪು ಸಿಕ್ಕಿಸಿದಳು, ಹಾಲಿಟ್ಟಳು. ಮಂಜು ಮತ್ತೆ ಬಂದಿತ್ತು. ಹಡಗು ಕೂಗುತ್ತಿತ್ತು. ಗೋಡೆಯ ಮೇಲೆ ಬೆಕ್ಕು ಬಾಲ ಸುತ್ತಿಕೊಂಡು ಕೂತಿತ್ತು. ಹಪ್ಪಳದಂಥ ಪುಟಗಳನ್ನು ಸದ್ದಾಗದಂತೆ ಬಿಡಿಸಿ ನೂರ ಅರವತ್ತನಾಲ್ಕಕ್ಕೆ ಬಂದಳು. ದೋಣಿ ನಡುನೀರಿನಲ್ಲಿತ್ತು. ದುರ್ಗಾಂಬ ಹುಟ್ಟು ನಿಲ್ಲಿಸಿ ಆರು ಮುಖಗಳನ್ನು ನೋಡುತ್ತಿದ್ದಳು.

ಡ್ರಮ್ಮಿನ ಸದ್ದು ಸಣ್ಣಗಾಗುತ್ತಾ ಬಂತು. ಕಣ್ಣು ಹಾಕದೆಯೇ ಅವಳಿಗೆ ಗೊತ್ತು: ಇನ್ನು ನಾಲ್ಕು ಬೆರಳು, ಇನ್ನು ಎರಡು. ಅವಳ ಮೊಣಕಾಲುಗಳು ಅವಳನ್ನು ಕೇಳದೆಯೇ ಏಳಲು ಹೊರಟಿದ್ದವು. ಅವುಗಳ ಮೇಲೆ ಕೈಯಿಟ್ಟು ಅದುಮಿ ಹಿಡಿದಳು. ಮಗಳ ಕಂಪಾಸಿನಿಂದ ತಂದಿಟ್ಟುಕೊಂಡಿದ್ದ ಪೆನ್ಸಿಲನ್ನು ತೆಗೆದು, ಆ ಹಳದಿ ಹೆಬ್ಬೆಟ್ಟಿನ ಕೆಳಗೆ ಕನ್ನಡದಲ್ಲಿ "ನಾನೂ" ಎಂದು ಬರೆದಳು. ಚಾಪೆ ಬಿಡಿಸಿದಳು. ಬಲ್ಬಿನ ಬೆಳಕು ಬೀಳುವಲ್ಲಿ ಅಂಗಾತ ಮಲಗಿ, ಪುಸ್ತಕ ಸೇರಿದಂತೆ ತಲೆಯವರೆಗೆ ಸೆರಗು ಎಳೆದುಕೊಂಡಳು.

ನೀರು ಡ್ರಮ್ಮಿನ ತುಟಿ ದಾಟಿತು. ಒಳಗೆ ಸ್ಟವ್ವಿನ ಮೇಲೆ ಹಾಲು ಚುರ್ ಎಂದಿತು. ಬೆಕ್ಕು ಗೋಡೆಯಿಂದ ಇಳಿಯಿತು. ತುಂಬ ಹೊತ್ತಾದ ಮೇಲೆ ಮಂಚ ಕಿರುಗುಟ್ಟಿತು.

"ರೇಣು, ನೀರು ಹೋಗ್ತಿದೆ ನೋಡು." ಮಂಚದಿಂದ ಕಾಲು ಕೆಳಗಿಳಿದ ಸದ್ದು. "ರೇಣು?" ಪಚಪಚನೆ ಹೆಜ್ಜೆಗಳು ನೀರು ತುಳಿದುಕೊಂಡು ಹತ್ತಿರ ಬಂದವು, ಚಾಪೆಯ ಪಕ್ಕ ನಿಂತವು. ಸೆರಗಿನ ಮೇಲಿಂದ ಒಂದು ಬೆರಳು ಅವಳ ಮೂಗಿನ ಕೆಳಗೆ ಬಂತು. ಅಷ್ಟು ಹೊತ್ತು ತನ್ನದೇ ಉಸಿರು ಬಿಗಿಹಿಡಿದಿದ್ದ ಶ್ರೀಕಂಠ ಅದನ್ನು ನಿಧಾನವಾಗಿ ಬಿಟ್ಟ.

"ಅಬ್ಬಾ," ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡ. "ಕಾಫಿ..."

ರೇಣುಕಾ ನೂರ ಅರವತ್ತೈದನೆಯ ಪುಟ ತಿರುಗಿಸಿದಳು.